ರಸೀದಿ ಪುಸ್ತಕ

ಬಾಗಿಲು ಒಡೆಯಲು ಹನ್ನೊಂದು ಸೆಕೆಂಡು ಸಾಕು.
ಕೂರಿಸಲು, ಮರ ಚೆನ್ನಾಗಿ ಒಣಗಿದ್ದರೆ, ಮುಕ್ಕಾಲು ದಿನ.
ನಾನು ಕೂರಿಸುವವನು.
ಈರಿ ಪಟ್ಟಣದ ಪೂರ್ವದ ಬೀದಿಗಳಲ್ಲಿ
ಮೂವತ್ತು ವರ್ಷದಿಂದ ಕದ, ಚೌಕಟ್ಟು, ಬೀಗ, ಕೀಲು.
ವ್ಯಾನಿನ ಮೇಲೆ ನನ್ನ ಹೆಸರು: ವೊಯ್ಚಿಕ್.
ಒಂದಕ್ಷರ ಉದುರಿದೆ, ಮತ್ತೆ ಬರೆಸಿಲ್ಲ.

ಫೆಬ್ರವರಿ, ಬೆಳಗಿನ ಏಳು. ಬರ್ನೀಸ್ ಹ್ಯಾಲೊರನ್ ಫೋನು.
ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು.
ಗದರಿದರೆ ನಲವತ್ತು ಮಕ್ಕಳು ಒಟ್ಟಿಗೆ ಕೂರುತ್ತಿದ್ದ ದನಿ
ಆವತ್ತು ದಾರದಷ್ಟು.
"ಬಾ, ಬಾಗಿಲು ಒಳಗೆ ಬಿದ್ದಿದೆ" ಎಂದಳು,
ಬಾಗಿಲಿಗೇ ತಲೆ ಸುತ್ತಿ ಬಂದಂತೆ.

ಹೋದೆ. ಸರೋವರದ ಗಾಳಿ ನಡುಮನೆಯಲ್ಲಿ ಕೂತಿತ್ತು.
ಸೋಫಾದ ಮೇಲೆ ಹಿಮದ ಪುಡಿ.
ಮೊಮ್ಮಗನನ್ನು ಹುಡುಕಿ ಬಂದಿದ್ದರಂತೆ
ಫೆಡರಲ್ ಏಜೆಂಟರು, ಹನ್ನೆರಡು ಮಂದಿ,
ಎದೆಯ ಮೇಲೆ ಮೂರಕ್ಷರ, ಮುಖದ ಮೇಲೆ ಬಟ್ಟೆ.
ಮೆರವಣಿಗೆಯ ದಿನ ಯಾರೋ ಸರ್ಕಾರಿ ಕಾರಿನ ಗಾಜು ಒಡೆದಿದ್ದರು.
ಇವನೇ ಎಂದು ಅವರು.
ಅಲ್ಲಿರಲೇ ಇಲ್ಲ ಎಂದು ಇವಳು.
ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ:
ಅಗುಳಿ ತನ್ನ ಗೂಡಿನಲ್ಲೇ ಮಲಗಿತ್ತು,
ಒಂದು ಗೀರೂ ಇಲ್ಲದೆ.
ಹಿಡಿ ತಿರುಗಿಸಿದ್ದರೆ ಬಾಗಿಲು ತೆರೆಯುತ್ತಿತ್ತು.

ಬರ್ನೀಸಳ ಮಣಿಕಟ್ಟು ನೀಲಿ,
ಪ್ಲಾಸ್ಟಿಕ್ ಪಟ್ಟಿ ಬಿಗಿದದ್ದು.
"ನಾವು ಸೋತೆವಲ್ಲ, ಅದಕ್ಕೇ ಇದು" ಎಂದಳು.
ಹೌದು ಹೌದು ಎಂದೆ. ನಾನೂ ಅವಳ ಪಕ್ಷವೇ.

ಎದುರು ಮನೆಯಲ್ಲಿ ಪರದೆ ಸರಿಯಿತು, ಮುಚ್ಚಿತು.
ಕ್ಲೆಟಸ್ ಬ್ರಾಂಡ್ಟ್. ಅವನ ಅಂಗಳದ ಫಲಕದ ಬಣ್ಣ ಬೇರೆ.
ಕೆಲವು ವರ್ಷದ ಹಿಂದೆ, ಸರ್ಕಾರ ನಮ್ಮದಿದ್ದಾಗ,
ಇದೇ ಮೂರಕ್ಷರದವರು ಅವನ ಬಾಗಿಲಿಗೆ ಬಂದಿದ್ದರು.
ನಾಯಿ ಬೊಗಳಿತು.
ಎರಡು ಗುಂಡು.
ಆ ಬಾಗಿಲನ್ನೂ ನಾನೇ ಕೂರಿಸಿದೆ, ಶಿಳ್ಳೆ ಹಾಕುತ್ತಾ.
"ಅವರವನಲ್ಲ ಅಂತ ತಾನೇ ನನಗೆ ಹೀಗೆ?" ಎಂದಿದ್ದ.
"ಕಾನೂನಿಗೆ ಕಣ್ಣಿಲ್ಲ, ಕ್ಲೆಟಸ್" ಎಂದಿದ್ದೆ,
ಬಾಯಲ್ಲಿ ಮೂರು ತಿರುಪು ಕಚ್ಚಿಕೊಂಡು.

ಆ ಬೀದಿಯ ಮನೆಗಳೆಲ್ಲ ಒಬ್ಬನೇ ಕಟ್ಟಿದವು, ಒಂದೇ ಅಳತೆ.
ಅಳತೆಗೆಂದು ಹಳೆಯ ರಸೀದಿ ಪುಸ್ತಕ ತೆರೆದೆ.
ಕಾರ್ಬನ್ನಿನ ನೀಲಿಯಲ್ಲಿ ನನ್ನದೇ ಕೈಬರಹ:
ಬ್ರಾಂಡ್ಟ್. ಕದ ಒಂದು. ಕೀಲು ಮೂರು. ಚೌಕಟ್ಟು.
ತುರ್ತು ಸೇವೆ, ಇನ್ನೂರು ಡಾಲರ್.
ಭಾನುವಾರವಲ್ಲ, ರಾತ್ರಿಯಲ್ಲ. ಮಂಗಳವಾರ, ಹಾಡಹಗಲು.
ಬರ್ನೀಸಳಿಗೆ ಆಗಲೇ ಹೇಳಿಯಾಗಿತ್ತು:
"ಮರದ ದುಡ್ಡು ಕೊಡು ಸಾಕು, ಕೂಲಿ ಬೇಡ."

ಎರಡೂ ಒಂದೇ ಎನ್ನುತ್ತಿಲ್ಲ.
ಮಣಿಕಟ್ಟಿನ ನೀಲಿ ಬೇರೆ, ಕಾರ್ಬನ್ನಿನ ನೀಲಿ ಬೇರೆ.
ಆದರೂ ನನಗೆ ಯಾರೂ ಆದೇಶ ಕೊಟ್ಟಿರಲಿಲ್ಲ,
ವಾಷಿಂಗ್ಟನ್ನಿನಿಂದ ಫೋನು ಬಂದಿರಲಿಲ್ಲ.
ಕೈಯಲ್ಲಿ ಇದ್ದದ್ದು ಒಂದು ಮೋಟು ಪೆನ್ನು.
ಅಷ್ಟಕ್ಕೇ ತಕ್ಕಡಿ ವಾಲಿತ್ತು.
ಕೈಯಲ್ಲಿ ಬೇರೇನಾದರೂ ಇದ್ದಿದ್ದರೆ
ಎಂದು ಕೇಳಿಕೊಂಡೆ. ಮುಂದೆ ಯೋಚಿಸಲಿಲ್ಲ,
ಚಳಿಯಿತ್ತು, ಕೆಲಸವಿತ್ತು.

ಓಕ್ ಮರದ ಕದ. ಒಬ್ಬನೇ ಎತ್ತುವ ವಯಸ್ಸು ದಾಟಿತು.
ಕೀಲಿಗೆ ತಿರುಪು ಬಿಗಿಯುವಾಗ
ಇನ್ನೊಬ್ಬ ಹಿಡಿದುಕೊಳ್ಳಬೇಕು.
ಬರ್ನೀಸಳ ಕೈಯಿಂದ ಆಗದು.
ರಸ್ತೆ ದಾಟಿದೆ.
ಜೇಬಿನಲ್ಲಿ ಇನ್ನೂರಿರಲಿಲ್ಲ, ನೂರ ನಲವತ್ತಿತ್ತು;
ಕೊಡುತ್ತೇನೋ ಇಲ್ಲವೋ ತೀರ್ಮಾನಿಸಿರಲಿಲ್ಲ.

ನಾನೇ ಕೂರಿಸಿದ ಬಾಗಿಲು. ತಟ್ಟಿದೆ.
ಒಳಗೆ ಟಿವಿ ನಿಂತಿತು.
ಹೆಜ್ಜೆ ಸದ್ದಿಲ್ಲ. ಉಸಿರು ಹಿಡಿದ ಮನೆ.
ಆಗ ಹೊಳೆಯಿತು: ಈ ಬಾಗಿಲಿಗೆ
ತಟ್ಟುವುದೆಂದರೆ ಏನೆಂದು.
ಕೈಗವಸು ಕಳಚಿ ಎರಡೂ ಕೈ
ಕಿಟಕಿಗೆ ಕಾಣುವಂತೆ ಹಿಡಿದು ನಿಂತೆ.

ತುಂಬಾ ಹೊತ್ತಿನ ಮೇಲೆ ಬಾಗಿಲು ಸರಿಯಿತು,
ಸರಪಳಿ ಬಿಚ್ಚದೆ, ಮೂರು ಬೆರಳಗಲ.
ಒಂದು ಕಣ್ಣು. ಬಿಳಿ ಗಡ್ಡದ ಅರ್ಧ.
"ನಡುವಿನ ಕೀಲು" ಎಂದ ಕ್ಲೆಟಸ್,
"ಆವತ್ತಿನಿಂದಲೂ ಕಿರುಗುಟ್ಟುತ್ತೆ."

"ಕೇಳಿಸಿತು" ಎಂದೆ.